ಮೊದಲ ಸಲ ಹೊರಟವರ ಸಾಲು

ಯಲಹಂಕ, ಬೆಂಗಳೂರು
ಭಾನುವಾರ

ತಂಗೀ,

ನಿನ್ನ ಪತ್ರ ಓದಿದೆ. ಸಪ್ತಾಪುರದ ಆ ಸಣ್ಣ ರೂಮಿನಲ್ಲಿ ಕರೆಂಟ್ ಅಫೇರ್ಸ್ ಓದುತ್ತ ಕೂತಾಗ ನಿನಗೆ ಬಂದ ಸಂಶಯ ಸಹಜವಾದದ್ದೇ. “ಅಕ್ಕಾ, ಬೆಂಗಳೂರಾಗ ಈಗ ಇ-ಗೇಟ್ ಬಂದಾವಂತ, ಪಾಸ್‌ಪೋರ್ಟ್ ಇಟ್ಟರ ಬಾಗಿಲಾ ತಾನ ತೆರೀತೈತಂತ. ಇನ್ನ ನಾ ಯಾಕ ಈ ಪರೀಕ್ಷಾ ಬರೀಬೇಕು?” ಎಂದು ಕೇಳಿದ್ದೀ. ಫೋನಿನಲ್ಲಿ ಎರಡು ಮಾತು ಆಡಿ ಮುಗಿಸುವ ಪ್ರಶ್ನೆಯಲ್ಲ ಇದು. ಇವತ್ತು ನನಗೆ ರಜೆ. ನಿಧಾನವಾಗಿ ಬರೆಯುತ್ತೇನೆ, ನೀನೂ ನಿಧಾನವಾಗಿ ಓದು. ನಮ್ಮ ಇಮಿಗ್ರೇಷನ್ ಇಲಾಖೆಯ ಒಳಗಿನ ಎಷ್ಟೋ ಸಂಗತಿಗಳನ್ನು ಮನೆಯವರಿಗೂ ಹೇಳುವಂತಿಲ್ಲ, ಅದು ನಿನಗೆ ಗೊತ್ತು. ಹೇಳಬಹುದಾದದ್ದನ್ನೆಲ್ಲ ಹೇಳುತ್ತೇನೆ.

ಇ-ಗೇಟ್ ಬಂದಿರುವುದು ಖರೆ. ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ – ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ’ ಎಂದು ಅದರ ಪೂರ್ತಿ ಹೆಸರು. 2024ರ ಜೂನ್ 22ರಂದು ದೆಹಲಿಯ ಮೂರನೇ ಟರ್ಮಿನಲ್‌ನಲ್ಲಿ ಶುರುವಾಯಿತು. 2025ರ ಜನವರಿ 16ರಂದು ಬೆಂಗಳೂರೂ ಸೇರಿದಂತೆ ಇನ್ನೂ ಏಳು ನಿಲ್ದಾಣಗಳಿಗೆ ಬಂತು. ಭಾರತೀಯರು ಮತ್ತು ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡು ಇರುವವರು ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಬೆರಳಚ್ಚು ಮತ್ತು ಮುಖಚಿತ್ರ ಕೊಟ್ಟು ಒಮ್ಮೆ ನೋಂದಾಯಿಸಿಕೊಂಡರೆ ಹೆಚ್ಚೆಂದರೆ ಐದು ವರ್ಷ, ಇಲ್ಲವೆ ಪಾಸ್‌ಪೋರ್ಟಿನ ಅವಧಿ ಮುಗಿಯುವವರೆಗೆ, ಎರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಗೇಟಿನ ಮೂಲಕವೇ ಹಾದುಹೋಗಬಹುದು. ಒಳ್ಳೆಯ ವ್ಯವಸ್ಥೆ. ನನಗೆ ಅದರ ಮೇಲೆ ಯಾವ ಅಸಮಾಧಾನವೂ ಇಲ್ಲ.

ಆದರೆ ಯಾರು ಆ ಗೇಟಿಗೆ ಹೋದರು ನೋಡು. ತಿಂಗಳಿಗೊಮ್ಮೆ ಸಿಂಗಪುರಕ್ಕೋ ಫ್ರಾಂಕ್‌ಫರ್ಟಿಗೋ ಹಾರುವ ಕಂಪನಿಯವರು, ವ್ಯಾಪಾರಸ್ಥರು, ಅರ್ಜಿ ತುಂಬಲು ಗೊತ್ತಿರುವವರು. ನಮ್ಮ ಕೌಂಟರಿನ ಮುಂದೆ ನಿಂತಾಗಲೂ ಅವರು ಮೊಬೈಲಿನಿಂದ ಮುಖ ಎತ್ತುತ್ತಿರಲಿಲ್ಲ. ಅವರಿಗೆ ನಮ್ಮ ಅಗತ್ಯ ಮೊದಲೂ ಅಷ್ಟಾಗಿ ಇರಲಿಲ್ಲ. ಅವರು ಆ ಕಡೆ ಹೋದ ಮೇಲೆ ನನ್ನ ಮುಂದೆ ಉಳಿದ ಸಾಲು ಮೊದಲ ಸಲ ಹೊರಟವರದ್ದು. ಇಂಗ್ಲಿಷೂ ಹಿಂದಿಯೂ ಬಾರದವರು, ಯಾರೋ ಕೈಗೆ ಕೊಟ್ಟ ಕಾಗದವನ್ನು ಎದೆಗೆ ಅವಚಿಕೊಂಡವರು, ಮೋಸ ಹೋಗಿರುವುದು ಇನ್ನೂ ಗೊತ್ತಾಗದವರು. ಅವರ ಮುಂದೆ ಗಾಜಿನ ಬಾಗಿಲು ನಿಲ್ಲಿಸಿ ಪ್ರಯೋಜನವಿಲ್ಲ. ಅವರ ಮಾತು ತಿಳಿಯುವ ಮನುಷ್ಯರೊಬ್ಬರು ಕೂತಿರಬೇಕು. ನೀನು ಪರೀಕ್ಷೆ ಬರೆಯಬೇಕು ಎಂದು ನಾನು ಹಟ ಹಿಡಿದಿರುವುದು ಇದೇ ಕಾರಣಕ್ಕೆ.

ಒಂದು ಉದಾಹರಣೆ ಹೇಳುತ್ತೇನೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ನಮ್ಮ ಕಡೆಯ ಹೆಂಗಸರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಇಳಕಲ್ ಸೀರೆ, ಕಾಲಲ್ಲಿ ಮಗ ಕೊಡಿಸಿದ ಹೊಸ ಬೂಟು, ಕೈಚೀಲದಲ್ಲಿ ಅಂಟಿನುಂಡಿಯ ಡಬ್ಬಿ. ವಿಮಾನ ಹತ್ತುವುದೇ ಮೊದಲ ಸಲ, ಅದೂ ಒಬ್ಬಳೇ. ಅಂಥವಳೊಬ್ಬಳನ್ನು ಪಕ್ಕದ ಕೌಂಟರಿನ ಹುಡುಗ ಗಂಡನ ಹೆಸರು ಕೇಳಿದ. ಅವನು ದೂರದ ರಾಜ್ಯದವನು, ಕೆಲಸದಲ್ಲಿ ಚೊಕ್ಕ. ಆಕೆ ತಲೆ ತಗ್ಗಿಸಿದಳು. ಮತ್ತೆ ಕೇಳಿದ. ಸೆರಗು ಸರಿಮಾಡಿಕೊಂಡಳೇ ಹೊರತು ಬಾಯಿ ಬಿಡಲಿಲ್ಲ. ಹೆಸರು ಹೇಳಲು ತಡವರಿಸುವವರ ಮೇಲೆ ನಿಗಾ ಇಡಬೇಕು ಎಂದು ನಮಗೆಲ್ಲ ಕಲಿಸಿರುತ್ತಾರೆ. ಅವನ ಮುಖ ಬಿಗಿಯಿತು. ನಾನು ಎದ್ದು ಹೋಗಿ, “ಯಜಮಾನರ ಹೆಸರು ಬಾಯಿಲೆ ಹೇಳೂದು ಬ್ಯಾಡ್ರಿ, ಪಾಸ್‌ಪೋರ್ಟಿನಾಗ ಬರದಿದ್ದು ತೋರಸ್ರಿ” ಎಂದೆ. ಆಕೆ ಕೊನೆಯ ಪುಟ ತೆಗೆದು ಬೆರಳಿಟ್ಟು ತೋರಿಸಿದಳು. ನಮ್ಮ ಅವ್ವ ಇವತ್ತಿಗೂ ಅಪ್ಪನ ಹೆಸರು ಬಾಯಲ್ಲಿ ಹೇಳುವುದಿಲ್ಲವಲ್ಲ. ಯಾವ ತರಬೇತಿ ಪುಸ್ತಕದಲ್ಲೂ ಇದನ್ನು ಬರೆದಿಲ್ಲ. ಆ ಹುಡುಗನದೇನೂ ತಪ್ಪಿಲ್ಲ. ನಮ್ಮೂರಿನವರು ಆ ಕುರ್ಚಿಗಳಲ್ಲಿ ಕಡಿಮೆ ಇದ್ದೇವೆ, ಅಷ್ಟೇ.

ಈಗ ಅರ್ಜಿಯ ವಿಷಯ. ‘ಇಮಿಗ್ರೇಷನ್ ಆಫೀಸರ್’ ಎಂಬ ಹೆಸರಿನ ಪ್ರತ್ಯೇಕ ಪರೀಕ್ಷೆ ನಮ್ಮ ದೇಶದಲ್ಲಿ ಇಲ್ಲ. ‘ಏರ್‌ಪೋರ್ಟ್ ಇಮಿಗ್ರೇಷನ್ ನೌಕರಿ, ನೇರ ನೇಮಕಾತಿ’ ಎಂದು ಯಾರಾದರೂ ವಾಟ್ಸ್ಆ್ಯಪಿನಲ್ಲಿ ಕಳಿಸಿ ದುಡ್ಡು ಕೇಳಿದರೆ ಅದು ಮೋಸ. ನಿನ್ನ ರೂಮಿನ ಹುಡುಗಿಯರಿಗೂ ಹೇಳು. 1971ರಲ್ಲಿ ಸ್ಥಾಪನೆಯಾದ ಬ್ಯೂರೋ ಆಫ್ ಇಮಿಗ್ರೇಷನ್ ಗೃಹ ಸಚಿವಾಲಯದ ಅಡಿಯಲ್ಲಿದೆ. ಅದರ ಕೌಂಟರುಗಳಲ್ಲಿ ಕೂರುವವರು ಬಹುಪಾಲು ಇಂಟೆಲಿಜೆನ್ಸ್ ಬ್ಯೂರೋದ ಸಿಬ್ಬಂದಿ. ಆದ್ದರಿಂದ ಬರೆಯಬೇಕಾದ್ದು ಐಬಿಯ ಪರೀಕ್ಷೆ. 2025ರ ಜುಲೈಯಲ್ಲಿ ಎರಡು ಪ್ರಕಟಣೆ ಬಂದವು: ಪದವೀಧರರಿಗೆ ಎಸಿಐಒ (ಅಸಿಸ್ಟೆಂಟ್ ಸೆಂಟ್ರಲ್ ಇಂಟೆಲಿಜೆನ್ಸ್ ಆಫೀಸರ್) ಗ್ರೇಡ್-2, ಅದರಲ್ಲಿ 3,717 ಹುದ್ದೆ, ಎಸ್ಸೆಸ್ಸೆಲ್ಸಿ ಆದವರಿಗೆ ಸೆಕ್ಯುರಿಟಿ ಅಸಿಸ್ಟೆಂಟ್, ಅದರಲ್ಲಿ 4,987. ವಯಸ್ಸು ಎರಡಕ್ಕೂ 18ರಿಂದ 27, ಮೀಸಲಾತಿಯವರಿಗೆ ಸಡಿಲಿಕೆ ಇದೆ.

ನೀನು ಹಾಕಬೇಕಾದದ್ದು ಎಸಿಐಒ. ಮೊದಲ ಹಂತದಲ್ಲಿ ಒಂದು ತಾಸಿಗೆ ನೂರು ಪ್ರಶ್ನೆ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಎರಡನೆಯದು ಬರೆಯುವ ಪರೀಕ್ಷೆ, ಪ್ರಬಂಧ ಇರುತ್ತದೆ. ಆಮೇಲೆ ಸಂದರ್ಶನ. ಸಂಬಳ ಏಳನೇ ಹಂತದ್ದು, ಮೂಲವೇತನ 44,900ರಿಂದ ಶುರು, ಅದರ ಮೇಲೆ ಶೇ. 20ರಷ್ಟು ವಿಶೇಷ ಭದ್ರತಾ ಭತ್ಯೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ಇದು ಅನ್ಯಾಯ ಎಂದು ನಾನು ಬಹಿರಂಗವಾಗಿಯೇ ಹೇಳುತ್ತೇನೆ. ಸ್ಟಾಫ್ ಸೆಲೆಕ್ಷನ್ ಕಮಿಷನ್ ತನ್ನ ಕೆಲವು ಪರೀಕ್ಷೆಗಳನ್ನು ಕನ್ನಡದಲ್ಲೂ ಬರೆಯಲು ಬಿಟ್ಟಿದೆ, ಇವರೂ ಬಿಡಬಹುದು. ಬಿಡುವವರೆಗೆ ನೀನು ಇಂಗ್ಲಿಷನ್ನು ದಿನಕ್ಕೊಂದು ಪುಟವಾದರೂ ಬರೆದು ಪಳಗಿಸಿಕೋ. ಸೆಕ್ಯುರಿಟಿ ಅಸಿಸ್ಟೆಂಟ್ ಹುದ್ದೆಯಲ್ಲಿ ಮಾತ್ರ ಕನ್ನಡಕ್ಕೆ ನಿಜವಾದ ಬೆಲೆ ಇದೆ. ಅರ್ಜಿ ಹಾಕಿದ ರಾಜ್ಯದ ನಿವಾಸಿಯಾಗಿರಬೇಕು, ಅಲ್ಲಿನ ಭಾಷೆ ಬರಬೇಕು, ಕನ್ನಡ–ಇಂಗ್ಲಿಷ್ ನಡುವೆ ಅನುವಾದ ಮಾಡಿ ತೋರಿಸಬೇಕು. ನಮ್ಮ ಕಾಕಾನ ಮಗನಿಗೆ ಅದು ಸರಿಹೋಗುತ್ತದೆ, ಅವನಿಗೂ ಈ ಪತ್ರ ತೋರಿಸು.

ಆಯ್ಕೆಯಾದ ಕೂಡಲೇ ವಿಮಾನ ನಿಲ್ದಾಣಕ್ಕೇ ಹಾಕುತ್ತಾರೆ ಎಂದು ತಿಳಿಯಬೇಡ. ಬಂದರು ಸಿಗಬಹುದು, ಗಡಿಯ ಚೆಕ್‌ಪೋಸ್ಟ್ ಸಿಗಬಹುದು, ಕಚೇರಿಯ ಮೇಜೂ ಸಿಗಬಹುದು. ದೇಶದ ಯಾವ ಮೂಲೆಗಾದರೂ ವರ್ಗ ಮಾಡುತ್ತಾರೆ. ಅಪ್ಪ ಊರಲ್ಲಿ “ನನ್ನ ಮಗಳು ಏರ್‌ಪೋರ್ಟಿನಾಗ ಚೆಕಿಂಗ್ ಮಾಡತಾಳ” ಅನ್ನುತ್ತಾನೆ. ಆದರೆ ಬ್ಯಾಗು, ಮೈ ತಪಾಸಣೆ ಮಾಡುವವರು ಸಿಐಎಸ್ಎಫ್‌ನವರು. ಬಂಗಾರಕ್ಕೆ ಸುಂಕ ಕೇಳುವವರು ಕಸ್ಟಮ್ಸ್‌ನವರು. ನಮ್ಮದು ಮನುಷ್ಯ ಮತ್ತು ಅವನ ಕಾಗದ ಒಂದಕ್ಕೊಂದು ಸೇರುತ್ತವೆಯೇ ಎಂದು ನೋಡುವ ಕೆಲಸ.

ಆ ನೋಡುವುದನ್ನು ಕಲಿಯಲು ಬಹಳ ಕಾಲ ಬೇಕು. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ ಎರಡು ಸಾಲು ಅಕ್ಷರ, ಅಂಕಿ, ಬಾಣದ ಗುರುತು ಇರುತ್ತವೆ ನೋಡು, ಸಾಲಿಗೆ 44ರಂತೆ. ಅದರೊಳಗೆ ಕೆಲವು ಅಂಕಿಗಳು ಉಳಿದವುಗಳ ಲೆಕ್ಕ ತಪ್ಪದಂತೆ ಕಾಯುತ್ತವೆ. ಹುಟ್ಟಿದ ತಾರೀಕನ್ನೋ ನಂಬರನ್ನೋ ಯಾರಾದರೂ ತಿದ್ದಿದ್ದರೆ ಲೆಕ್ಕ ಕೂಡುವುದಿಲ್ಲ, ಯಂತ್ರವೇ ಹೇಳಿಬಿಡುತ್ತದೆ. ನೇರಳಾತೀತ ಬೆಳಕಿನಲ್ಲಿ ಕಾಗದ ಹೇಗೆ ಕಾಣಬೇಕು, ಹೊಲಿಗೆಯ ದಾರ ಹೇಗಿರಬೇಕು, ಪುಟ ಬದಲಿಸಿದ್ದರೆ ಬೆರಳಿಗೆ ಹೇಗೆ ತಿಳಿಯುತ್ತದೆ, ಇವನ್ನೆಲ್ಲ ಹೇಳಿಕೊಡುತ್ತಾರೆ. ಅವ್ವ ಬ್ಯಾಡಗಿ ಸಂತೆಯಲ್ಲಿ ಮೆಣಸಿನಕಾಯಿ ಮುರಿದು ಮೂಸಿ ಹಳೆಯದೋ ಹೊಸದೋ ಹೇಳುವುದಿಲ್ಲವೆ, ಹಾಗೆ ಕೈಗೆ ರೂಢಿಯಾಗುತ್ತದೆ. ಮುಖದ ವಿಷಯಕ್ಕೆ ಬಂದರೆ ಮಾತ್ರ ಅಷ್ಟು ಬೇಗ ತೀರ್ಮಾನ ಸಲ್ಲದು. ಬೆವರುವವರೆಲ್ಲ ಕಳ್ಳರಲ್ಲ. ಮೊದಲ ಸಲ ಹೊರಟವರು ಬೆವರಿಯೇ ಬೆವರುತ್ತಾರೆ.

ಕಾನೂನೂ ಹೊಸದಾಗಿದೆ, ಪರೀಕ್ಷೆಗೆ ಬೇಕು, ಬರೆದಿಟ್ಟುಕೋ. 1920ರ ಪಾಸ್‌ಪೋರ್ಟ್ ಕಾಯ್ದೆ, 1939ರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, 2000ದ ಸಾಗಣೆದಾರರ ಹೊಣೆ ಕಾಯ್ದೆ, ಈ ನಾಲ್ಕನ್ನೂ ತೆಗೆದು 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆ ತಂದಿದ್ದಾರೆ. ಅದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ನಕಲಿ ಪಾಸ್‌ಪೋರ್ಟಿಗೆ ಎರಡರಿಂದ ಏಳು ವರ್ಷ ಜೈಲು, ಒಂದರಿಂದ ಹತ್ತು ಲಕ್ಷ ದಂಡ. ಆದರೆ ಅದಕ್ಕಿಂತ ಮೊದಲು ನೀನು ಓದಬೇಕಾದದ್ದು 1978ರ ಮೇನಕಾ ಗಾಂಧಿ ಪ್ರಕರಣ. ಅದರ ಹಿಂದಿನ ವರ್ಷ ಅವರ ಪಾಸ್‌ಪೋರ್ಟನ್ನು ಸರ್ಕಾರ ಕಾರಣ ಹೇಳದೆ ವಶಪಡಿಸಿಕೊಂಡಿತ್ತು. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಬರುತ್ತದೆ, ಅದನ್ನು ಕಸಿಯುವ ವಿಧಾನ ನ್ಯಾಯಯುತವಾಗಿರಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಡ್ಯೂಟಿಗೆ ಕೂತಾಗ ಇದನ್ನು ಮರೆಯುವವರನ್ನು ನಾನು ಕಂಡಿದ್ದೇನೆ. ಕೈಯಲ್ಲಿರುವ ಮುದ್ರೆ ತಮ್ಮದೇ ಎಂದುಕೊಳ್ಳುತ್ತಾರೆ. ಅಂಥವರು ಈ ಕೆಲಸಕ್ಕೆ ಬರಲೇಬಾರದು.

ಇನ್ನು ನನ್ನ ನಿದ್ದೆ ಕೆಡಿಸುವ ವಿಷಯ ಹೇಳುತ್ತೇನೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ ‘ಇಸಿಆರ್’, ಅಂದರೆ ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಎಂದು ಇರುತ್ತದೆ. ಅಂಥವರು ಸೌದಿ, ಕುವೈತ್, ಒಮಾನ್, ಕತಾರ್, ಮಲೇಷ್ಯಾದಂಥ ಹದಿನೆಂಟು ದೇಶಗಳಿಗೆ ದುಡಿಯಲು ಹೋಗುವುದಾದರೆ 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ಮೊದಲೇ ಅನುಮತಿ ಪಡೆಯಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಮೂವತ್ತು ತುಂಬಿರಬೇಕು. ಇದು ಬಡವರ ದಾರಿಗೆ ಅಡ್ಡ ಹಾಕಿದ ಬೇಲಿ ಎಂದು ಟೀಕಿಸುವವರಿದ್ದಾರೆ. ಅವರ ಮಾತಿನಲ್ಲಿ ಅರ್ಥವಿಲ್ಲ ಎನ್ನಲಾರೆ. ಆದರೂ ಸರಿಯಾದ ದಾರಿಯಲ್ಲಿ ಹೋದವರಿಗೆ ಸಂಬಳ, ಕೆಲಸ ಬರೆದ ಕರಾರು ಇರುತ್ತದೆ; 275 ರೂಪಾಯಿ ಕಂತಿಗೆ ಎರಡು ವರ್ಷ ಹತ್ತು ಲಕ್ಷದ ವಿಮೆ ಇರುತ್ತದೆ; ಏಜೆಂಟನು ಸೇವಾಶುಲ್ಕವೆಂದು 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಕಳ್ಳ ಏಜೆಂಟರು ಈ ದಾರಿಯನ್ನೇ ತಪ್ಪಿಸಿ, ಪ್ರವಾಸದ ವೀಸಾ ಮಾಡಿಸಿ, “ನೆಂಟರ ಮನಿಗೆ ಹೊಂಟೇನಿ ಅನ್ನು” ಎಂದು ಪಾಠ ಹೇಳಿ ಕಳಿಸುತ್ತಾರೆ.

ರಾಯಚೂರು ಕಡೆಯವಳೊಬ್ಬಳು ಹೀಗೆಯೇ ಬಂದಳು. ರಾತ್ರಿ ಎರಡು ದಾಟಿತ್ತು. ಕೊಲ್ಲಿಯ ಕಡೆಯ ವಿಮಾನ. ಪಾಸ್‌ಪೋರ್ಟು ಹೊಸದು, ವೀಸಾ ಅಸಲಿ, ಹೋಗಿ ಬರುವ ಟಿಕೆಟ್ಟೂ ಇತ್ತು. ಕಾಗದದ ಮಟ್ಟಿಗೆ ಏನೂ ಕೊರತೆ ಇರಲಿಲ್ಲ.

“ಎಲ್ಲಿಗೆ ಹೊಂಟೀರವ್ವ?”

“ತಂಗಿ ಮನಿಗಿ ರೀ.”

“ತಂಗಿಗೆ ಮಕ್ಕಳೆಷ್ಟು? ಹೆಸರೇನು?”

ಆಕೆ ನನ್ನ ಹಿಂದಿನ ಗೋಡೆ ನೋಡಿದಳು. ನಮ್ಮ ಕಡೆಯ ಯಾವ ದೊಡ್ಡವ್ವ ತಂಗಿಯ ಮಕ್ಕಳ ಹೆಸರು ಮರೆಯುತ್ತಾಳೆ ಹೇಳು? ನಿಮ್ಮ ಮಕ್ಕಳು ಯಾರ ಹತ್ತಿರ ಇದ್ದಾರೆ ಎಂದು ಕೇಳಿದೆ. “ಅತ್ತಿ ಕಡೆ ಬಿಟ್ಟೇನ್ರಿ, ಎರಡು ವರ್ಸ ಅಂತ” ಎನ್ನುವಾಗ ಧ್ವನಿ ಒಡೆಯಿತು. ತಂಗಿಯ ಮನೆಗೆ ಯಾರೂ ಎರಡು ವರ್ಷಕ್ಕೆ ಹೋಗುವುದಿಲ್ಲ. ಮೇಲಧಿಕಾರಿಯ ಬಳಿ ಕರೆದುಕೊಂಡು ಹೋದೆ. ಅಲ್ಲಿ ಕೂರಿಸಿ, ನೀರು ಕೊಟ್ಟು, ಕನ್ನಡದಲ್ಲೇ ಮಾತಾಡಿದ ಮೇಲೆ ಎಲ್ಲ ಹೊರಗೆ ಬಂತು. ಮನೆಗೆಲಸಕ್ಕೆ ಹೊರಟಿದ್ದಳು. ಯಾರ ಮನೆ, ಎಷ್ಟು ಸಂಬಳ, ಯಾವ ಊರು, ಒಂದೂ ಅವಳಿಗೆ ಗೊತ್ತಿರಲಿಲ್ಲ. ಇಳಿದ ಕೂಡಲೇ ಪಾಸ್‌ಪೋರ್ಟನ್ನು ಒಬ್ಬರ ಕೈಗೆ ಕೊಡಬೇಕು ಎಂದಷ್ಟೇ ಹೇಳಿದ್ದರಂತೆ.

ಅವತ್ತು ಅವಳ ಪ್ರಯಾಣ ನಿಂತಿತು. ಆಕೆ ನನಗೆ ಕೈಮುಗಿದು ಹರಸಿದಳು ಎಂದು ನೀನು ಎಣಿಸಿರಬಹುದು. ಹಾಗಾಗಲಿಲ್ಲ. ಬೈದಳು. ಏಜೆಂಟನಿಗೆ ಕೊಡಲು ಬಡ್ಡಿಗೆ ಸಾಲ ತಂದಿದ್ದಳು, ಕಿವಿಯ ಬೆಂಡೋಲೆ ಮಾರಿದ್ದಳು. “ನನ್ನ ಹೊಟ್ಟಿ ಮ್ಯಾಲ ಹೊಡದಿ ತಾಯಿ” ಅಂದಳು. ಅವಳ ಸಾಲ ತೀರಿಸುವ ಅಧಿಕಾರ ನನ್ನ ಕೌಂಟರಿಗೆ ಇಲ್ಲ. ಏಜೆಂಟನ ವಿವರ ಮುಂದಕ್ಕೆ ಹೋಗುವಂತೆ ಮಾಡಿದೆವು, ದೂರು ಎಲ್ಲಿ ಕೊಡಬೇಕೆಂದು ಬರೆದುಕೊಟ್ಟೆವು. ತಡೆದದ್ದು ಸರಿ ಎಂದು ಇವತ್ತಿಗೂ ನಂಬಿದ್ದೇನೆ. ತಡೆದ ಮಾತ್ರಕ್ಕೆ ಆಕೆ ಉಳಿದಳು ಎನ್ನಲು ನನಗೆ ಬಾಯಿ ಬರುವುದಿಲ್ಲ. ಊರಿಗೆ ಮರಳಿದ ಮೇಲೆ ಅವಳ ಕೈ ಹಿಡಿಯುವವರು ಬೇರೆಯವರು ಇರಬೇಕು; ಪಂಚಾಯ್ತಿಯಲ್ಲಿ, ಸ್ವಸಹಾಯ ಸಂಘದಲ್ಲಿ, ಪೊಲೀಸ್ ಠಾಣೆಯಲ್ಲಿ. ನಾವು ಮಾಡುವುದು ಅರ್ಧ ಕೆಲಸ.

ಗಂಡುಮಕ್ಕಳ ಕತೆಯೂ ಬೇರೆಯಲ್ಲ. ಸೆಕ್ಯುರಿಟಿ ಗಾರ್ಡ್ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋದ ಕಲಬುರಗಿಯ ಹುಡುಗರನ್ನು ಯುಕ್ರೇನ್ ಯುದ್ಧಕ್ಕೆ ದೂಡಿದ್ದು ನೀನು ಪೇಪರಿನಲ್ಲಿ ಓದಿರುತ್ತಿ. ಅವರು 2024ರ ಸೆಪ್ಟೆಂಬರಿನಲ್ಲಿ ಮನೆ ಸೇರಿದರು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಹೊರಟವರನ್ನು ಗಡಿ ದಾಟಿಸಿ, ಮ್ಯಾನ್ಮಾರಿನಲ್ಲಿ ಕೂಡಿಹಾಕಿ ಸೈಬರ್ ವಂಚನೆ ಮಾಡಿಸಿದರು. 2025ರ ಮಾರ್ಚಿನಲ್ಲಿ ಅಂಥ ನೂರಾರು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ವಾಪಸು ತಂದರು. ಇವರೆಲ್ಲ ದೇಶದ ಯಾವುದೋ ಒಂದು ಕೌಂಟರು ದಾಟಿ ಹೋದವರೇ. ಪದವಿ ಓದಿದವರಿಗೆ ಇಸಿಆರ್ ಗುರುತಿಲ್ಲ, ಪ್ರವಾಸಿ ವೀಸಾ ಸರಿಯಾಗಿದೆ, ಕಾನೂನು ಪ್ರಕಾರ ತಡೆಯಲು ಕಾರಣವೇ ಇಲ್ಲ. ಅಂಥ ಹುಡುಗನ ಮುಂದೆ ನಮಗೆ ಸಿಗುವುದು ಒಂದೆರಡು ನಿಮಿಷ. “ಯಾವ ಕಂಪನಿಪ್ಪಾ? ಕರಾರು ಕೈಯಾಗ ಐತೇನು? ರಾಯಭಾರ ಕಚೇರಿ ನಂಬರು ಬರಕೊಂಡೀಯೇನು?” ಎಂದು ಅವನ ಭಾಷೆಯಲ್ಲಿ ಕೇಳಿದರೆ ಕೆಲವರು ಅಲ್ಲೇ ನಿಂತು ಮನೆಗೆ ಫೋನು ಮಾಡುತ್ತಾರೆ. ಕೆಲವರು ನಕ್ಕು ಮುಂದೆ ಹೋಗುತ್ತಾರೆ. ಹೋಗುವುದು ಅವರ ಹಕ್ಕು. ಕೇಳುವುದು ನಮ್ಮ ಕರ್ತವ್ಯ.

ಬಂದಿಳಿದವರ ಕಡೆಯ ಒಂದು ದಿನವನ್ನೂ ನಿನಗೆ ಹೇಳಬೇಕು. ನಮ್ಮ ಹಕ್ಕಿಪಿಕ್ಕಿ ಜನ ಎಲ್ಲೆಲ್ಲಿ ಹೋಗುತ್ತಾರೆ ಗೊತ್ತೆ? ಹುಣಸೂರಿನ ಪಕ್ಷಿರಾಜಪುರ, ಶಿವಮೊಗ್ಗ, ಚನ್ನಗಿರಿ ಕಡೆಯವರು ಗಿಡಮೂಲಿಕೆ, ತಲೆಗೂದಲ ಎಣ್ಣೆ ಹೊತ್ತುಕೊಂಡು ಆಫ್ರಿಕದ ದೇಶದೇಶ ಸುತ್ತಿ ವ್ಯಾಪಾರ ಮಾಡುತ್ತಾರೆ. ಮನೆಯೊಳಗೆ ವಾಗ್ರಿ, ನಮ್ಮೊಡನೆ ಕನ್ನಡ, ಗಿರಾಕಿಯ ಹತ್ತಿರ ಅಲ್ಲಿನ ಭಾಷೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅವರಲ್ಲಿ ಬಹಳ ಮಂದಿ ಅಲ್ಲೇ ಸಿಕ್ಕಿಕೊಂಡರು. ‘ಆಪರೇಷನ್ ಕಾವೇರಿ’ ಎಂದು ಹೆಸರಿಟ್ಟು, ಪೋರ್ಟ್ ಸುಡಾನಿನಿಂದ ಹಡಗು, ವಿಮಾನಗಳಲ್ಲಿ ಜೆಡ್ಡಾಕ್ಕೆ ದಾಟಿಸಿ, ಅಲ್ಲಿಂದ ಭಾರತಕ್ಕೆ ಕರೆತಂದರು. ಒಟ್ಟು 3,800ಕ್ಕೂ ಹೆಚ್ಚು ಜನ. ಜೆಡ್ಡಾದಿಂದ ಬೆಂಗಳೂರಿಗೂ ವಿಮಾನ ಬಂತು. ಆಗ ಅಂತಾರಾಷ್ಟ್ರೀಯ ವಿಮಾನಗಳು ಇನ್ನೂ ಹಳೆಯ ಒಂದನೇ ಟರ್ಮಿನಲ್‌ಗೇ ಬರುತ್ತಿದ್ದವು. ಬಿದಿರಿನ ಚಾವಣಿಯ ಎರಡನೇ ಟರ್ಮಿನಲ್‌ಗೆ ಹೋದದ್ದು ಅದೇ ಸೆಪ್ಟೆಂಬರಿನಲ್ಲಿ.

ಹರಿದ ಚೀಲ, ಹಸಿದ ಮಕ್ಕಳು. ಊಟ ನೀರಿಲ್ಲದೆ ಬಾಗಿಲು ಹಾಕಿಕೊಂಡು ದಿನಗಟ್ಟಲೆ ಕೂತಿದ್ದವರು. ಹಳದಿ ಜ್ವರದ ಲಸಿಕೆ ಹಾಕಿಸಿಕೊಳ್ಳದ ಕೆಲವರನ್ನು ಆರೋಗ್ಯ ಇಲಾಖೆಯವರು ಪ್ರತ್ಯೇಕ ಇಡಬೇಕಾಯಿತು. ಮನೆಗೇ ಬಂದೆವು ಎಂದುಕೊಂಡವರಿಗೆ ಅದನ್ನು ತಿಳಿಸಿ ಹೇಳುವುದೇ ದೊಡ್ಡ ಕಷ್ಟ. ಪಾಸ್‌ಪೋರ್ಟು ಕಳೆದುಕೊಂಡವರಿಗೆ ನಮ್ಮ ರಾಯಭಾರ ಕಚೇರಿಗಳು ತುರ್ತು ಪ್ರಮಾಣಪತ್ರ ಕೊಡುತ್ತವೆ, ಸ್ವದೇಶಕ್ಕೆ ಮರಳಲು ಒಂದೇ ಪ್ರಯಾಣಕ್ಕೆ ನಡೆಯುವ ಕಾಗದ. ಈ ದೇಶದ ಪ್ರಜೆ ತನ್ನ ಬಾಗಿಲಿಗೆ ಬಂದಾಗ ಒಳಗೆ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಒಬ್ಬ ಅಜ್ಜಿ ಕೌಂಟರಿನ ಕಟ್ಟೆಗೆ ತಲೆ ಆನಿಸಿ ಅತ್ತಳು. ಸಾಲು ನಿಲ್ಲಿಸಿ ಕಾದೆವು. ಯಾರೂ ಬೇಗ ಬೇಗ ಎನ್ನಲಿಲ್ಲ. ಆ ದಿನದ ಕೆಲಸಕ್ಕಾಗಿ ನಾನು ಈ ನೌಕರಿಗೆ ಸೇರಿದ್ದು ಸಾರ್ಥಕ ಎಂದುಕೊಂಡಿದ್ದೇನೆ.

ತಡೆಯಲೇಬೇಕಾದ ಸಂದರ್ಭವೂ ಇರುತ್ತದೆ. ಲುಕ್‌ಔಟ್ ಸರ್ಕ್ಯುಲರ್ ಕೇಳಿರುತ್ತಿ. ಪೊಲೀಸರು, ಸಿಬಿಐ, ತೆರಿಗೆಯವರು ಕೇಳಿಕೊಂಡಾಗ ಬ್ಯೂರೋ ಆಫ್ ಇಮಿಗ್ರೇಷನ್ ಅದನ್ನು ಹೊರಡಿಸುತ್ತದೆ. ಪಾಸ್‌ಪೋರ್ಟು ಯಂತ್ರಕ್ಕೆ ಇಟ್ಟಾಗ ತೆರೆಯ ಮೇಲೆ ಬರುತ್ತದೆ. ತೆಗೆದುಹಾಕುವ ಅಧಿಕಾರ ಕೇಳಿದವರದೇ ಹೊರತು ನಮ್ಮದಲ್ಲ. ಸಾಲಗಾರರ ಮೇಲೆ ಅದನ್ನು ಕೇಳುವ ಅಧಿಕಾರವನ್ನು ಸರ್ಕಾರಿ ಬ್ಯಾಂಕುಗಳ ಮುಖ್ಯಸ್ಥರಿಗೂ ಕೊಟ್ಟಿದ್ದರು, 2024ರ ಏಪ್ರಿಲಿನಲ್ಲಿ ಬಾಂಬೆ ಹೈಕೋರ್ಟು ರದ್ದು ಮಾಡಿತು. ಸರಿಯಾದ ತೀರ್ಪು ಎಂದೇ ನನ್ನ ಅಭಿಪ್ರಾಯ. ಸಾಲ ಕೊಟ್ಟವನೇ ಕಾವಲುಗಾರನೂ ಆಗಬಾರದು. ಆದರೆ ಮದುವೆಯಾಗಿ ವರದಕ್ಷಿಣೆ ತೆಗೆದುಕೊಂಡು, ಹೆಂಡತಿಯನ್ನು ತವರಿಗೆ ಅಟ್ಟಿ, ಪೊಲೀಸ್ ಕೇಸು ಬಿಟ್ಟು ವಿದೇಶಕ್ಕೆ ಪಾರಾಗಲು ಬರುವವರು ಇದ್ದಾರೆ. ಅಂಥವನ ಹೆಸರು ತೆರೆಯ ಮೇಲೆ ಬಂದಾಗ ಹಿಂದೆ ನಿಂತ ಆ ಹುಡುಗಿಯನ್ನು ನಾನು ಕಾಣದೆಯೂ ಕಾಣುತ್ತೇನೆ. ಆಗಲೂ ಅವನ ಜೊತೆ ಏಕವಚನ ಇಲ್ಲ, ಗದರಿಕೆ ಇಲ್ಲ. “ಸರ್, ಈ ಕಡೆ ಬನ್ನಿ” ಎಂದು ಕರೆದು ಮೇಲಧಿಕಾರಿಗೆ ಒಪ್ಪಿಸುವುದು, ಅಷ್ಟೇ. ಅಪರಾಧ ತೀರ್ಮಾನಿಸುವುದು ನ್ಯಾಯಾಲಯದ ಕೆಲಸ.

ಇನ್ನು ಕಷ್ಟಗಳ ಮಾತು. ದೊಡ್ಡ ವಿಮಾನಗಳೆಲ್ಲ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ ಬರುತ್ತವೆ, ಹೋಗುತ್ತವೆ. ಒಂದರ ಹಿಂದೆ ಒಂದು ಇಳಿದಾಗ ಸಾಲು ಹಗ್ಗ ದಾಟಿ ಹೋಗುತ್ತದೆ. ಮನೆಗೆ ಬಂದು ಮಲಗಿದರೆ ಹಗಲು ನಿದ್ದೆ ಬಾರದು. ಯುಗಾದಿ, ಪಂಚಮಿ, ಅವ್ವನ ಉಡಿ ತುಂಬುವ ದಿನ ಎಲ್ಲ ಎಷ್ಟೋ ಸಲ ತಪ್ಪಿಹೋಗಿವೆ. ನೀನು ಫೋಟೋ ಹಾಕುವಂತಿಲ್ಲ, ಎಲ್ಲಿ ಕೆಲಸ ಎಂದು ಡಂಗುರ ಸಾರುವಂತಿಲ್ಲ. ಮದುವೆಯ ಮಾತು ಬಂದಾಗ ರಾತ್ರಿ ಪಾಳಿ, ವರ್ಗಾವಣೆ ಎಂದರೆ ಗಂಡಿನ ಕಡೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಇದಕ್ಕೆಲ್ಲ ಒಗ್ಗಿದ್ದೇನೆ. ನೀನು ಒಗ್ಗಬಲ್ಲೆಯಾ ಎಂದು ನಿನ್ನನ್ನೇ ಕೇಳಿಕೋ. ಸಾಲಿನ ಕೊನೆಯವನಿಗೂ ಮೊದಲನೆಯವನಷ್ಟೇ ಗಮನ ಕೊಡಲು ಮೈಯಲ್ಲಿ ಶಕ್ತಿ ಬೇಕು. ಕಣ್ಣು ಸೋತಾಗ ಮಾತು ಒರಟಾಗುತ್ತದೆ. ಒರಟು ಮಾತಿಗೆ ಹೆದರಿ ಬಾಯಿ ಕಟ್ಟುವವರು ಬಡವರೇ.

ಇಷ್ಟೆಲ್ಲ ಓದಿದ ಮೇಲೂ ನಿನ್ನ ಮನಸ್ಸು ಹೌದು ಅಂದರೆ ತಡಮಾಡಬೇಡ. ಪ್ರಕಟಣೆಯನ್ನು ಗೃಹ ಸಚಿವಾಲಯದ ಜಾಲತಾಣದಲ್ಲೇ ನೋಡು, ಬೇರೆ ಯಾರ ಮಾತನ್ನೂ ನಂಬಬೇಡ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪದವಿ ಪತ್ರ, ಆಧಾರ್ ಮೂರರಲ್ಲೂ ಹೆಸರು, ಹುಟ್ಟಿದ ತಾರೀಕು ಒಂದೇ ಇದೆಯೇ ಈಗಲೇ ಪರೀಕ್ಷಿಸು. ರಾಜ್ಯದ ಜಾತಿ ಪ್ರಮಾಣಪತ್ರ ಅಲ್ಲಿ ನಡೆಯುವುದಿಲ್ಲ; ನಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ವಿಚಾರಿಸು, ಇದ್ದರೆ ಕೇಂದ್ರದ ನಮೂನೆಯಲ್ಲೇ ಪತ್ರ ಮಾಡಿಸಬೇಕು. ಕಾಕಾನ ಮಗನಿಗೆ ನಿವಾಸಿ ಪ್ರಮಾಣಪತ್ರ ಬೇಕಾಗುತ್ತದೆ, ನಾಡಕಚೇರಿಗೆ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಲಿ. ಈ ಕಾಗದಗಳನ್ನೆಲ್ಲ ಮುಂದಿನ ಪ್ರಕಟಣೆ ಬರುವುದರೊಳಗೆ ಸಿದ್ಧ ಮಾಡಿಟ್ಟುಕೋ. ಆಮೇಲೆ ಅರ್ಜಿ ಹಾಕು, ತಂಗೀ. ನಿನ್ನ ಜೊತೆ ಓದುವ ನಾಲ್ಕು ಹುಡುಗಿಯರಿಂದಲೂ ಹಾಕಿಸು.

ನಿನ್ನ ಪ್ರೀತಿಯ
ಅಕ್ಕ